ತೊಳೆದ ಕಾಲು

ತೊಳೆದ ಕಾಲನ್ನು ಇನ್ನೊಮ್ಮೆ ತೊಳೆಸಿಕೊಳ್ಳುವುದಕ್ಕಾಗಿ ಒಬ್ಬ ಮನುಷ್ಯನನ್ನು ಹತ್ತೊಂಬತ್ತು ವರ್ಷ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ ಪೆದ್ದ ಇಡೀ ಭದ್ರಾವತಿಯಲ್ಲಿ ನಾನೊಬ್ಬನೇ ಇರಬೇಕು. ನನ್ನ ಹೆಸರು ಏಕಾಂತಪ್ಪ. ಕಾಗದ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವ ವಿಭಾಗದಲ್ಲಿದ್ದೆ. ಕೊರಳಲ್ಲಿ ಲಿಂಗವಿದೆ, ಮೂಗಿನ ತುದಿಯಲ್ಲಿ ಕೋಪವಿದೆ. ಈ ಎಪ್ಪತ್ತೊಂದು ವರ್ಷದಲ್ಲಿ ಎರಡನ್ನೂ ಒಂದು ದಿನವೂ ತೆಗೆದಿಟ್ಟಿಲ್ಲ ಎಂದು ನನ್ನ ಹೆಂಡತಿ ದಾಕ್ಷಾಯಣಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಆ ಮನುಷ್ಯ ಇನ್ನಾಸಪ್ಪ. ಕಾರ್ಖಾನೆಯಲ್ಲಿ ನನ್ನ ಫೋರ್‌ಮನ್. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ನಾನು ಈ ಕಡೆ ಸೀನಿದರೆ ಅವನು ಆ ಕಡೆಯಿಂದ ಬೈಯುತ್ತಿದ್ದ. ನಿವೃತ್ತಿಯಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ, ಮತ್ತೆ ಅಕ್ಕಪಕ್ಕದಲ್ಲೇ ಮನೆ ಮಾಡಿಕೊಂಡೆವು. ಅವನಿಗೆ ಮಕ್ಕಳಿಲ್ಲ. ಹೆಂಡತಿ ಆರೋಗ್ಯಮ್ಮ ಹೆಸರಿಗೆ ತಕ್ಕ ಹೆಂಗಸು, ತುಂಬಿದ ಗ್ಯಾಸ್ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಒಳಗಿಡುತ್ತಾರೆ.

ಅವರ ಚರ್ಚಿನಲ್ಲಿ ಈಸ್ಟರಿಗೆ ಮುಂಚಿನ ಗುರುವಾರ ಸಂಜೆ ಹನ್ನೆರಡು ಜನ ಗಂಡಸರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಫಾದರ್ ಅವರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಸಾಯುವ ಹಿಂದಿನ ದಿನ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದನಂತೆ, ಅದರ ನೆನಪಿಗೆ. ದಾಕ್ಷಾಯಣಮ್ಮನಿಗೆ ಇದು ತಲೆಗೆ ಹತ್ತುತ್ತಲೇ ಇರಲಿಲ್ಲ. "ನಮ್ಮಲ್ಲಿ ಅಯ್ನೋರು ಮನೆಗೆ ಬಂದ್ರೆ ನಾವು ಅವರ ಪಾದ ತೊಳೀತೀವಿ. ಅಲ್ಲಿ ಅಯ್ನೋರೇ ಜನರ ಪಾದ ತೊಳೀತಾರೆ. ಉಲ್ಟಾ ಅಲ್ವೇನ್ರೀ?" ಎನ್ನುತ್ತಿದ್ದಳು. ನನಗೂ ಹಾಗೇ ಕಾಣುತ್ತಿತ್ತು. ಆದರೆ ಹೆಂಡತಿ ಹೇಳಿದ್ದನ್ನು ತಕ್ಷಣ ಒಪ್ಪುವ ಅಭ್ಯಾಸ ನನಗಿಲ್ಲ.

ಆ ಹನ್ನೆರಡರಲ್ಲಿ ಕೊನೆಯ ಕುರ್ಚಿ ಯೇಸುವಿನ ಹಿರಿಯ ಶಿಷ್ಯ ಪೇತ್ರನದು. ಹಿಂದಿದ್ದ ಒಬ್ಬ ಫಾದರಿಗೆ ನಾಟಕದ ಹುಚ್ಚಿತ್ತಂತೆ, ಪೇತ್ರನಾದವನು ಸುಮ್ಮನೆ ಕೂರದೆ ಮಾತಾಡಬೇಕು ಎಂದು ನಿಯಮ ಮಾಡಿಬಿಟ್ಟರು. ಪೇತ್ರ ಮೊದಲು ಕಾಲು ಹಿಂದಕ್ಕೆಳೆದುಕೊಂಡು ಬೇಡವೆನ್ನಬೇಕು, ಫಾದರ್ ಅದಕ್ಕೊಂದು ಉತ್ತರ ಕೊಡಬೇಕು, ಆಗ ಪೇತ್ರ ಮೆತ್ತಗಾಗಿ ಕೈಯನ್ನೂ ತಲೆಯನ್ನೂ ತೊಳೆದುಬಿಡಿ ಎನ್ನಬೇಕು. ಇನ್ನಾಸಪ್ಪ ಹತ್ತೊಂಬತ್ತು ವರ್ಷ ಪೇತ್ರನಾದ. ಅವನು ಬೇಡವೆಂದರೆ ಆಚೆ ರಸ್ತೆಯಲ್ಲಿ ಹೋಗುವ ಆಟೋ ನಿಲ್ಲುತ್ತಿತ್ತು. ಒಂದು ವರ್ಷ ಕಾಲೆಳೆದುಕೊಳ್ಳುವ ರಭಸಕ್ಕೆ ಬೇಸನ್ನಿಗೆ ಒದ್ದು ಫಾದರನ್ನು ಸೊಂಟದವರೆಗೆ ನೆನೆಸಿದ್ದ. ನಾನು ಹೊರಗೆ ಸ್ಕೂಟರಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ನನಗೆ ಕೇಳುತ್ತಿದ್ದುದು ಅವನ ಕೂಗು ಮತ್ತು ಜನರ ನಗು ಮಾತ್ರ.

ನನ್ನನ್ನು ರೇಗಿಸುತ್ತಿದ್ದುದು ಈ ನಾಟಕವಲ್ಲ. ಹನ್ನೆರಡೂ ಜನ ಅವತ್ತು ಮನೆಯಲ್ಲಿ ಕಾಲನ್ನು ಉಜ್ಜಿ ಉಜ್ಜಿ ತೊಳೆದುಕೊಂಡೇ ಬರುತ್ತಿದ್ದರು! ಇನ್ನಾಸಪ್ಪನಂತೂ ಮಧ್ಯಾಹ್ನದಿಂದಲೇ ಬಿಸಿನೀರಿನಲ್ಲಿ ಕಾಲಿಟ್ಟು, ಕಲ್ಲಿನಿಂದ ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿ, ಪೌಡರ್ ಹಾಕಿ ಕೂರುತ್ತಿದ್ದ. ದಾರಿಯ ಧೂಳು ತಾಗಬಾರದೆಂದು ಎರಡೂ ಕಾಲಿಗೆ ಶಿವಮೊಗ್ಗದ ಕೋಟೆ ರಸ್ತೆಯ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಿದ್ದ. ಸಿಗ್ನಲ್ಲಿನಲ್ಲಿ ಜನ ನಮ್ಮಿಬ್ಬರನ್ನು ನೋಡಿ ನಗುವುದನ್ನು ನಾನು ಹತ್ತೊಂಬತ್ತು ವರ್ಷ ಸಹಿಸಿದ್ದೇನೆ.

"ತೊಳೆದಿರೋದನ್ನೇ ತೊಳೆಸ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ತೀಯೋ?" ಎಂದು ಪ್ರತಿವರ್ಷ ಕೇಳುತ್ತಿದ್ದೆ.

"ಮಾರಾಯ, ಫಾದರ್ ಮುಂದೆ ಕೊಳಕು ಕಾಲು ಚಾಚೋಕಾಗುತ್ತೇನೋ? ಮರ್ಯಾದೆ ಬೇಡ್ವಾ?" ಎಂದು ಅವನೂ ಪ್ರತಿವರ್ಷ ಹೇಳುತ್ತಿದ್ದ.

ಅವನ ಮರ್ಯಾದೆಯ ಕಥೆಯೇ ಬೇರೆ. ಕಾರ್ಖಾನೆಯಲ್ಲಿ ಸಾವಿರ ಹಾಳೆಯಲ್ಲಿ ಒಂದಕ್ಕೆ ಸುಕ್ಕಿದ್ದರೂ ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಸುಕ್ಕು ಬಿದ್ದ, ಅಂಚು ಹರಿದ ಹಾಳೆಗೆ ನಮ್ಮಲ್ಲಿ ಬ್ರೋಕು ಎನ್ನುತ್ತಿದ್ದರು. "ಬ್ರೋಕು! ತೆಗೀರಿ ಆಚೆ!" ಎಂದು ಅವನು ಕೂಗಿದರೆ ಮೆಷಿನ್ನು ಕೂಡ ಒಂದು ಕ್ಷಣ ಹೆದರುತ್ತಿತ್ತು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಇಸ್ತ್ರಿ ಇಲ್ಲದ ಅಂಗಿಯಲ್ಲಿ ಅವನನ್ನು ಹೆಂಡತಿ ಕೂಡ ಕಂಡಿರಲಿಲ್ಲವೋ ಏನೋ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಸವಳಂಗ ರಸ್ತೆಯ ಡಾಕ್ಟರು ಫೋಟೋಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕುಯ್ಯೋದು, ಕರೆಂಟ್ ಕೊಡೋದು ಏನೂ ಬೇಡ ಅಂಕಲ್. ಅದರಿಂದ ನಿಮಗೆ ಹಿಂಸೆ ಜಾಸ್ತಿ, ಉಪಯೋಗ ಇಲ್ಲ. ನೋವಿಗೆ ಮಾತ್ರೆ ಕೊಡ್ತೀನಿ. ಮನೇಲಿ ಚೆನ್ನಾಗಿ ನೋಡ್ಕೊಳ್ಳಿ," ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ಅವನು ನನ್ನ ಮೊಣಕೈ ತಿವಿದು, "ನಂಗೆ ಕಿಟಕಿ ಸೀಟು ಬೇಕಿತ್ತು, ನೀನು ಅಳೋಕೆ ಹಿಡ್ಕೊಂಡ್ಯಾ?" ಎಂದ.

ಸಾಯುವುದಕ್ಕೆ ಅವನಿಗೆ ಭಯವೇ ಇರಲಿಲ್ಲ. ಅದನ್ನೂ ಒಂದು ಶಿಫ್ಟಿನಂತೆ ವ್ಯವಸ್ಥೆ ಮಾಡತೊಡಗಿದ. ಬಡಗಿಯನ್ನು ಕರೆಸಿ ತನ್ನನ್ನು ಹೂಳುವ ಪೆಟ್ಟಿಗೆಗೆ ಅಳತೆ ಕೊಟ್ಟ. ಮೂಲೆಗಳು ಸರಿಯಾಗಿ ತೊಂಬತ್ತು ಡಿಗ್ರಿ ಇರಬೇಕೆಂದು ತಾಕೀತು ಮಾಡಿದ. ನನ್ನನ್ನೂ ಬಿಡಲಿಲ್ಲ.

"ನಿಮ್ಮೋರನ್ನ ಕೂರಿಸಿ ಹೂಳ್ತಾರಲ್ಲ, ಅದು ಹೆಂಗೋ?"

"ಲಿಂಗಪೂಜೆಗೆ ಕೂತಂಗೇ ಕೂರಿಸ್ತಾರೆ."

"ಕೂತ್ಕೋ, ಕೂತ್ಕೋ. ಕಾರ್ಖಾನೇಲೂ ನೀನು ಕೂತೇ ಸಂಬಳ ತಗೊಂಡಿದೀಯ. ನಾನು ಮೂವತ್ತೆರಡು ವರ್ಷ ನಿಂತಿದೀನಿ, ಮಲಗ್ತೀನಪ್ಪ."

ಹೀಗೆ ನಗುತ್ತಲೇ ಮಾರ್ಚ್ ಬಂತು, ಅವನು ಹಾಸಿಗೆ ಹಿಡಿದ. ನಗು ನಿಂತದ್ದು ಆಗಲೇ. ಎದ್ದು ಹೋಗಲು ಆಗದೆ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಆಗಿಹೋಯಿತು. ಆರೋಗ್ಯಮ್ಮ ಏನೂ ಆಗದವರಂತೆ ಬಕೆಟ್ಟು, ಬಟ್ಟೆ ತಂದರು. ಅವನು ಚೊಂಬನ್ನು ಗೋಡೆಗೆ ಎಸೆದ. ಎರಡು ತಿಂಗಳಿನ ರೋಗ ಮಾಡದ್ದನ್ನು ಆ ಒಂದು ಬೆಳಿಗ್ಗೆ ಮಾಡಿತು. ಅವತ್ತಿನಿಂದ ಯಾರನ್ನೂ ಮುಟ್ಟಗೊಡಲಿಲ್ಲ. ಒದ್ದೆ ಬಟ್ಟೆಯಿಂದ ತಾನೇ ಅಷ್ಟಿಷ್ಟು ಒರೆಸಿಕೊಂಡು, ಮೇಲೆ ಡಬ್ಬಿಗಟ್ಟಲೆ ಪೌಡರ್ ಸುರಿದುಕೊಂಡು, ಕುತ್ತಿಗೆವರೆಗೆ ಹೊದಿಕೆ ಎಳೆದುಕೊಂಡು ಮಲಗಿದ. ಎರಡು ದಿನವಾದ ಮೇಲೆ ಊಟವನ್ನೂ ಬಿಟ್ಟ. ತಿಂದರೆ ತಾನೇ ತೊಳೆಯುವ ಮಾತು ಬರುವುದು! ನೀರನ್ನು ಕೂಡ ಮಾತ್ರೆ ನುಂಗುವಷ್ಟೇ ಕುಡಿಯುತ್ತಿದ್ದ.

"ಅಣ್ಣಾ, ಕಾಯಿಲೆಯಿಂದ ಹೋದ್ರೆ ದೇವರಿಚ್ಛೆ ಅಂತೀನಿ. ಇವರು ನಾಚಿಕೆಯಿಂದ ಹೋಗ್ತಿದಾರಲ್ಲ," ಎಂದು ಆರೋಗ್ಯಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಸಿಲಿಂಡರ್ ಎತ್ತುವ ಹೆಂಗಸು ಅಳುವುದನ್ನು ನೋಡಿ ನನಗೆ ಸಿಟ್ಟು ಬಂತು. ಸೀದಾ ಅವನ ಕೋಣೆಗೆ ಹೋದೆ. ಹೋದೆ ಎಂದರೆ ಬಾಗಿಲವರೆಗೆ ಹೋದೆ. ವಾಸನೆ ಹಾಗಿತ್ತು. ಮೂಗಿಗೆ ಟವೆಲ್ ಹಿಡಿದುಕೊಂಡು ಅಲ್ಲಿಂದಲೇ ಉಪದೇಶ ಮಾಡಿದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ನಾನೀಗ ಬ್ರೋಕು ಕಣೋ," ಎಂದ ಅವನು. "ಸುಕ್ಕು ಬಿದ್ದಿದೀನಿ, ನೆಂದಿದೀನಿ. ತೆಗೀರಿ ಆಚೆ."

"ಬ್ರೋಕನ್ನ ಯಾವತ್ತಾದ್ರೂ ಆಚೆ ಎಸೆದಿದೀವೇನೋ? ಮತ್ತೆ ತೊಟ್ಟಿಗೆ ಹಾಕಿ, ನೆನೆಸಿ, ಕಲೆಸಿ, ಹೊಸ ಹಾಳೆ ಮಾಡ್ತಿರ್ಲಿಲ್ವಾ?"

"ಹಂಗಾದ್ರೆ ನನ್ನನ್ನ ತೊಟ್ಟಿಗೆ ಹಾಕು. ನೀನು ಬಾಗಿಲು ದಾಟಿ ಬಂದ್ರೆ ತಾನೇ ಹಾಕೋದು."

ಅವನು ಹತ್ತಿರ ಕರೆದ. ಎರಡು ಹೆಜ್ಜೆ ಹೋದೆ. "ಫಾದರನ್ನ ಒಂದು ಮಾತು ಕೇಳ್ಕೊಂಡು ಬಾ. ಬೇಗ ಹೋಗೋ ಥರ ಒಂದು ಇಂಜೆಕ್ಷನ್ ಇರುತ್ತಂತೆ. ಅದಕ್ಕೆ ಚರ್ಚಲ್ಲಿ ಪರ್ಮಿಷನ್ ಇದೆಯಾ ಅಂತ. ನನ್ನ ಹೆಸರು ಹೇಳಬೇಡ."

ಚರ್ಚಿನ ಅಂಗಳದಲ್ಲಿ ಫಾದರ್ ಜ್ಞಾನಪ್ರಕಾಶ್ ಕುರ್ಚಿಗಳ ಕಾಲು ಸರಿಮಾಡುತ್ತಿದ್ದರು. ಹೋದ ವರ್ಷ ಬಂದವರು, ತೆಳ್ಳಗೆ, ನನ್ನ ಅಳಿಯನಿಗಿಂತ ಚಿಕ್ಕವರು. "ಫಾದರ್, ನನ್ನ ಸ್ನೇಹಿತರೊಬ್ಬರ ವಿಷಯ," ಎಂದು ಶುರು ಮಾಡಿದೆ.

"ಇನ್ನಾಸಪ್ಪನೋರಾ?"

"ಹೆಸರು ಹೇಳಬೇಡ ಅಂದಿದಾನೆ."

"ಸರಿ, ಹೆಸರಿಲ್ಲದೋರು ಅಂತಲೇ ಇಟ್ಕೊಳ್ಳೋಣ. ಹೇಳಿ."

ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು. "ಪರ್ಮಿಷನ್ ಇಲ್ಲ ಏಕಾಂತಪ್ಪನೋರೇ. ಸಾಯ್ಸೋ ಹಾಗಿಲ್ಲ. ಹಾಗಂತ ಸುಮ್ಸುಮ್ನೆ ಪೈಪ್ ಹಾಕಿ ಎಳೆದಾಡ್ಸಬೇಕು ಅಂತಾನೂ ಇಲ್ಲ, ಡಾಕ್ಟ್ರು ಹೇಳಿದ್ದು ಸರಿ. ಇವೆರಡರ ಮಧ್ಯೆ ನಮಗೆ ಉಳಿಯೋದು ಸಣ್ಣ ಕೆಲಸ. ತೊಳೆಯೋದು, ಉಣಿಸೋದು, ನೋವಿಗೆ ಮಾತ್ರೆ ಕೊಡೋದು, ಪಕ್ಕದಲ್ಲಿ ಕೂರೋದು."

"ಅವನು ತೊಳೆಸ್ಕೊಳ್ಳಲ್ಲ ಅಂತಾನಲ್ಲ. ಮರ್ಯಾದೆ ಹೋಗುತ್ತಂತೆ."

"ಮನುಷ್ಯನ್ನ ದೇವರು ತನ್ನ ಹೋಲಿಕೇಲಿ ಮಾಡಿದಾನೆ ಅಂತ ನಾವು ನಂಬ್ತೀವಿ. ಹಾಸಿಗೆ ಒದ್ದೆ ಆದ್ರೆ ಆ ಹೋಲಿಕೆ ಹೋಗುತ್ತಾ? ಅದೇನು ನಿಮ್ಮ ಕಾರ್ಖಾನೆ ಕಾಗದಾನಾ, ನೆಂದು ಹರಿಯೋಕೆ?" ಎಂದರು ಫಾದರ್. ಆಮೇಲೆ ಕುರ್ಚಿಗಳನ್ನು ನೋಡಿ ತಲೆ ಕೆರೆದುಕೊಂಡರು. "ನಾಳಿದ್ದು ಗುರುವಾರಕ್ಕೆ ನಂಗೆ ಪೇತ್ರನೇ ಇಲ್ಲ."

ಈ ಸುದ್ದಿಯನ್ನು ಇನ್ನಾಸಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಇಂಜೆಕ್ಷನ್ನಿನ ವಿಷಯ ಮರೆತೇಬಿಟ್ಟ. "ಪೇತ್ರನ ಕುರ್ಚಿ ಖಾಲಿ ಇರಬಾರದು. ನೀನು ಕೂತ್ಕೋ," ಎಂದ. ನಾನು ಲಿಂಗ ತೋರಿಸಿದೆ. "ಅದು ಕುತ್ತಿಗೇಲಿದೆ, ತೊಳೆಯೋದು ಕಾಲು," ಎಂದ. ಫಾದರಿಗೆ ಫೋನ್ ಮಾಡಿದರೆ ಅವರು ಸಂತೋಷವಾಗಿ ಒಪ್ಪಿಬಿಟ್ಟರು. ದಾಕ್ಷಾಯಣಮ್ಮ, "ನಿಮ್ಮ ಕಾಲನ್ನ ಯಾರಾದ್ರೂ ತೊಳೀತೀವಿ ಅಂದ್ರೆ ಮೊದಲು ಹೋಗಿ, ಅವರ ಮನಸ್ಸು ಬದಲಾಗೋದ್ರೊಳಗೆ," ಎಂದಳು.

ಹಾಗಾಗಿ ಅವತ್ತೇ, ಮಂಗಳವಾರ ಮಧ್ಯಾಹ್ನ, ಇನ್ನಾಸಪ್ಪನ ಮಂಚದ ಪಕ್ಕ ರಿಹರ್ಸಲ್ ನಡೆಯಿತು. ಅವನು ದಿಂಬಿಗೊರಗಿದ ನಿರ್ದೇಶಕ. ನಾನು ಕುರ್ಚಿಯಲ್ಲಿ ಪೇತ್ರ. ಫಾದರ್ ಪಾತ್ರ ಆರೋಗ್ಯಮ್ಮನವರದು. ನೀರಿಲ್ಲದ ರಿಹರ್ಸಲ್ಲು ರಿಹರ್ಸಲ್ಲೇ ಅಲ್ಲ ಎಂದು ಅವನು ಹಟ ಹಿಡಿದದ್ದರಿಂದ ಬೇಸನ್ನು, ಬಿಸಿನೀರಿನ ಚೊಂಬು, ಸೋಪು, ಟವೆಲ್ ಎಲ್ಲ ಬಂದವು.

"ಬೇಡ ಸ್ವಾಮಿ," ಎಂದೆ.

"ಹಾಲು ಬೇಡ ಅನ್ನೋ ಥರ ಹೇಳ್ತೀಯಲ್ಲೋ! ಎದೆಯಿಂದ ಬರಲಿ!"

"ಬೇಡಾ ಸ್ವಾಮೀ!"

"ಯೂನಿಯನ್ ಮೀಟಿಂಗ್ ಅಲ್ಲ ಇದು! ಕಾಲು ಎಳ್ಕೋ! ಆ ಕಾಲಲ್ಲ, ಬಲಗಾಲು!"

ಆರನೆಯ ಸಲಕ್ಕೂ ನಾನು ಈ ಮೊದಲ ಮಾತು ದಾಟದೆ ಅವನ ತಾಳ್ಮೆ ಮುಗಿಯಿತು. "ಎದ್ದೇಳು ಅಲ್ಲಿಂದ. ತೋರಿಸ್ತೀನಿ," ಎಂದು ಹೊದಿಕೆ ಸರಿಸಿ ಎರಡೂ ಕಾಲನ್ನು ಮಂಚದಿಂದ ಕೆಳಗೆ ಬಿಟ್ಟ. ನಟನೆಯ ಹುರುಪಿನಲ್ಲಿ ಎಲ್ಲ ಮರೆತಿದ್ದ. ನಾನೂ ಅದೇ ಹುರುಪಿನಲ್ಲಿ ಆರೋಗ್ಯಮ್ಮನವರ ಕೈಯಿಂದ ಚೊಂಬು ಇಸಿದುಕೊಂಡು ಫಾದರ್ ಆಗಿ ನೆಲಕ್ಕೆ ಕೂತೆ. ಮಂಡಿ ಲಟ್ಟೆಂದಿತು.

ಅವನ ಕಾಲು ನನ್ನ ಮುಖದೆದುರಿಗಿತ್ತು. ಹತ್ತೊಂಬತ್ತು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಕಂಡ ಕಾಲು. ಬಾತುಕೊಂಡಿತ್ತು, ಉಗುರು ಬೆಳೆದಿತ್ತು, ಬೆರಳ ಸಂದಿಯಲ್ಲಿ ಪೌಡರು ಬೆವರಿಗೆ ಸೇರಿ ಹಿಟ್ಟಾಗಿತ್ತು, ಹಿಮ್ಮಡಿಯ ಮೇಲೆ ಒಣಗಿದ ಕಲೆ ಇತ್ತು. ನಾನು ನೋಡುತ್ತಿರುವುದನ್ನು ಅವನು ನೋಡಿದ. ಬಾಯಿ ತೆರೆದಿದ್ದ, ಕೂಗುವುದಕ್ಕೆ ಎದೆ ತುಂಬ ಗಾಳಿ ಎಳೆದುಕೊಂಡಿದ್ದ. ಕೂಗು ಬರಲಿಲ್ಲ.

"ಬೇಡ ಕಣೋ," ಎಂದ ಮೆಲ್ಲಗೆ. "ನೀನು ನನ್ನ ಕಾಲು ಮುಟ್ಟಬೇಡ. ಬೇಡ."

ಅದು ನಾಟಕವಲ್ಲ ಎಂದು ಮೂವರಿಗೂ ಗೊತ್ತಾಯಿತು. ಕಾಲನ್ನು ಮೇಲೆಳೆದುಕೊಳ್ಳಲು ನೋಡಿದ, ಶಕ್ತಿ ಸಾಲಲಿಲ್ಲ. ಫಾದರ್ ಈಗ ಏನೋ ಹೇಳಬೇಕು ಎಂಬುದು ನೆನಪಿತ್ತು. ಏನು ಹೇಳಬೇಕೆಂಬುದು ನನಗೇನು ಗೊತ್ತು? ಅಷ್ಟೂ ವರ್ಷ ಹೊರಗೆ ಕಡಲೆಕಾಯಿ ತಿಂದವನು ನಾನು. ದುಃಖವಾಯಿತು. ದುಃಖವಾದಾಗ ನನಗೆ ಬರುವುದು ಒಂದೇ.

"ಲೇ ಇನ್ನಾಸ!" ಎಂದು ಕಿರುಚಿದೆ. "ತೊಳೆಸ್ಕೊಳ್ಳಲ್ಲ ಅಂದ್ರೆ ನಿಂಗೂ ನಂಗೂ ಇವತ್ತಿಗೆ ಮುಗೀತು! ಇನ್ನು ನೀನು ಯಾರೋ, ನಾನು ಯಾರೋ! ಏನ್ ತಿಳ್ಕೊಂಡಿದೀಯ? ಚೆನ್ನಾಗಿದ್ದಾಗ ಮಾತ್ರ ನಾನು ಬೇಕು, ಹಿಂಗಿದ್ದಾಗ ಬೇಡ್ವಾ?"

ಅವನು ಬೆಚ್ಚಿಬಿದ್ದವನಂತೆ ನನ್ನನ್ನು ನೋಡಿದ. "ಆ ಮಾತು ನಿಂಗೆ ಯಾರು ಹೇಳ್ಕೊಟ್ರು?"

"ಯಾರು ಹೇಳ್ಕೊಡ್ಬೇಕು? ಸಿಟ್ಟು ಬಂತು, ಅಂದೆ."

ಹತ್ತೊಂಬತ್ತು ವರ್ಷ ಅವನಿಗೆ ಬಾಯಿಪಾಠವಾಗಿದ್ದ ಮಾತು ತಾನಾಗಿ ಹೊರಗೆ ಬಂತು.

"ಹಂಗಾದ್ರೆ ಕಾಲೊಂದೇ ಬೇಡ. ಕೈನೂ ತೊಳಿ. ತಲೇನೂ." ಆಮೇಲೆ ಭುಜ ಹೊರಳಿಸಿ, "ಬೆನ್ನೂ. ಬೆನ್ನು ಪೇತ್ರ ಕೇಳಿಲ್ಲ, ನಾನು ಕೇಳ್ತಿದೀನಿ. ಒಂಬತ್ತು ದಿನದಿಂದ ಕಡೀತಿದೆ ಮಾರಾಯ," ಎಂದ.

ಆರೋಗ್ಯಮ್ಮ ಅಳುತ್ತಲೇ ಜೋರಾಗಿ ನಕ್ಕುಬಿಟ್ಟರು. ತೊಳೆದೆವು. ಮೂರು ಸಲ ನೀರು ಬದಲಾಯಿಸಿದೆವು. ಮೊದಲನೆಯ ಬೇಸನ್ನಿನ ನೀರು ಹೋಟೆಲಿನ ಚಹಾದ ಬಣ್ಣಕ್ಕೆ ಬಂದಿತ್ತು. ವಾಸನೆ ಇದ್ದೇ ಇತ್ತು, ಮೂಗಿಗೆ ಹಿಡಿಯುತ್ತಿದ್ದ ನನ್ನ ಟವೆಲ್ ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಬೆನ್ನು ಉಜ್ಜುವಾಗ ಅವನು ಮುದಿ ಬೆಕ್ಕಿನಂತೆ ಕಣ್ಣು ಮುಚ್ಚಿಕೊಂಡ. ನಾನು ಅತ್ತೆ, ಸೋಪು ಕಣ್ಣಿಗೆ ಹೋಯಿತು ಎಂದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿದ ಮೇಲೆ ಅವನು ಕೇಳಿದ್ದು ಗಂಜಿ, ಜೊತೆಗೆ ನಿಂಬೆ ಉಪ್ಪಿನಕಾಯಿ. ಎರಡು ಲೋಟ ಕುಡಿದ.

ಗುರುವಾರ ನಾನು ಕಾಲು ತೊಳೆಯದೆ ಹೋದೆ. ಬೇಕೆಂದೇ ಬೆಳಿಗ್ಗೆಯಿಂದ ಬರಿಗಾಲಲ್ಲಿ ಹಿತ್ತಲಲ್ಲೆಲ್ಲ ಓಡಾಡಿದ್ದೆ. ಹನ್ನೊಂದು ಜನ ಪೌಡರ್ ಹಾಕಿದ ಕಾಲಿನವರ ಪಕ್ಕ ನನ್ನ ಕೆಮ್ಮಣ್ಣಿನ ಕಾಲು ಇಟ್ಟಾಗ ಹನ್ನೊಂದನೆಯ ಶಿಷ್ಯ, ನಿವೃತ್ತ ಬ್ಯಾಂಕ್ ಮ್ಯಾನೇಜರು, ಕುರ್ಚಿಯನ್ನು ಒಂದು ಗೇಣು ಆಚೆ ಜರುಗಿಸಿಕೊಂಡರು. ಫಾದರ್ ನನ್ನ ಕಾಲು ನೋಡಿದರು, ಮುಖ ಅರಳಿತು. "ಅಂತೂ ಒಬ್ಬರು ಕೆಲಸ ಕೊಟ್ರಿ," ಎಂದು ಪಿಸುಗುಟ್ಟಿದರು.

ನಾನು ಎದೆಯಿಂದಲೇ ಬೇಡವೆಂದೆ. ಅದಕ್ಕೆ ಫಾದರ್ ಉತ್ತರ ಕೊಟ್ಟರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಕೇಳಿಸಿಕೊಂಡೆ. ತೊಳೆಸಿಕೊಳ್ಳದಿದ್ದರೆ ನಿನಗೂ ನನಗೂ ಏನೂ ಉಳಿಯುವುದಿಲ್ಲ ಎನ್ನುವ ಅರ್ಥದ ಮಾತು. ಮಂಗಳವಾರ ನಾನು ಕಿರುಚಿದ್ದೇ ಅದು, ಅವರು ಸ್ವಲ್ಪ ಮರ್ಯಾದೆಯಾಗಿ ಹೇಳಿದರು, ಅಷ್ಟೇ. ಮುಂದಿನ ಮಾತು ಹೇಳುವಾಗ ಗಾಬರಿಯಲ್ಲಿ ಕೈ, ತಲೆ, ಬೆನ್ನು ಎಲ್ಲ ತೊಳೆಯಿರಿ ಎಂದುಬಿಟ್ಟೆ. ಇಡೀ ಚರ್ಚು ನಕ್ಕಿತು. ಆರೋಗ್ಯಮ್ಮ ಫೋನಿನಲ್ಲಿ ಅದನ್ನು ಹಿಡಿದು ಇನ್ನಾಸಪ್ಪನಿಗೆ ತೋರಿಸಿದರು. ಅವನು ನಾಲ್ಕು ಸಲ ನೋಡಿ, "ಹಾಳು ಮಾಡ್ದ ನನ್ ಮಗ," ಎಂದು ಹೆಮ್ಮೆಯಿಂದ ಹೇಳಿದ.

ಆಮೇಲೆ ಹದಿನೇಳು ದಿನ ಬದುಕಿದ್ದ. ಆ ಹದಿನೇಳು ದಿನವೂ ನಮ್ಮ ಪ್ರಾಣ ತಿಂದ. ಬೆಳಿಗ್ಗೆ ಒಂಬತ್ತಕ್ಕೆ ಬಕೆಟ್ಟು ಬರದಿದ್ದರೆ, "ಶಿಫ್ಟು ಶುರುವಾಗಿ ಎಷ್ಟೊತ್ತಾಯ್ತು?" ಎನ್ನುತ್ತಿದ್ದ. ನೀರು ಒಂದು ದಿನ ತಣ್ಣಗೆ, ಒಂದು ದಿನ ಬಿಸಿ, ಟವೆಲ್ ಒರಟು, ನನ್ನ ಕೈ ಅದಕ್ಕಿಂತ ಒರಟು. ಕಿವಿಯ ಹಿಂದೆ ಬೆರಳಾಡಿಸಿ ಪರೀಕ್ಷೆ ಮಾಡಿ, "ಇಲ್ಲಿ ಬಿಟ್ಟಿದೀಯ, ಇನ್ನೊಂದ್ಸಲ," ಎನ್ನುತ್ತಿದ್ದ. ಬಡಗಿಯ ಪೆಟ್ಟಿಗೆ ಬಂದಾಗ ಮೂಲೆಮಟ್ಟ ಇಟ್ಟು ತೊಂಬತ್ತು ಡಿಗ್ರಿ ಇದೆಯೇ ಎಂದು ನನ್ನಿಂದ ಅಳೆಸಿದ. ಬೇರೆಯವರ ಕೈಗೆ ತನ್ನನ್ನು ಒಪ್ಪಿಸಿದವನು ಇಷ್ಟು ದರ್ಬಾರು ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅವನ ಮರ್ಯಾದೆ ಎಲ್ಲಿಗೂ ಹೋಗಿರಲಿಲ್ಲ, ನನ್ನದೇ ಅವನು ತೆಗೆಯುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ, ಸ್ನಾನ ಮುಗಿಸಿ, ಟವೆಲ್ಲಿನ ಬಗ್ಗೆ ಒಂದು ದೂರು ಹೇಳಿ, ಆರೋಗ್ಯಮ್ಮನ ಕೈ ಹಿಡಿದುಕೊಂಡೇ ಹೋಗಿಬಿಟ್ಟ. ಹಿಂದಿನ ದಿನ ಫಾದರ್ ಬಂದು ಪ್ರಾರ್ಥನೆ ಮಾಡಿ ಹಣೆಗೂ ಕೈಗೂ ಪವಿತ್ರ ಎಣ್ಣೆ ಹಚ್ಚಿದ್ದರು. ಎಣ್ಣೆ ಸ್ವಲ್ಪ ಕಡಿಮೆಯಾಯಿತು ಎಂದು ಅವರಿಗೂ ಹೇಳಿದ್ದನಂತೆ.

ಮಧ್ಯಾಹ್ನ ಅವರ ಕಡೆಯ ಜನ ಸೇರಿದರು. ಪೆಟ್ಟಿಗೆಯಲ್ಲಿಡುವ ಮುಂಚೆ ಮೈ ತೊಳೆಯಬೇಕು ಎಂದರು ಹಿರಿಯರೊಬ್ಬರು.

"ಬೆಳಿಗ್ಗೆ ತಾನೇ ತೊಳ್ದಿದೀವಲ್ಲ," ಎಂದರು ಆರೋಗ್ಯಮ್ಮ. ಎಲ್ಲರೂ ನನ್ನ ಕಡೆ ನೋಡಿದರು. ತೊಳೆದದ್ದನ್ನೇ ತೊಳೆಯುವ ನಿಮ್ಮ ಈ ಅಭ್ಯಾಸ ಯಾವಾಗ ಬಿಡುತ್ತೀರಿ ಎಂದು ನಾನು ಬೈಯುತ್ತೇನೆಂದು ಅವರಿಗೆ ಗೊತ್ತಿತ್ತು. ಬೈಯಬೇಕೆಂದೇ ಬಾಯಿ ತೆರೆದೆ.

ಆಮೇಲೆ ಬೇಸನ್ನು ತಂದೆ. ನೀರು ತೀರಾ ಬಿಸಿಯೂ ಅಲ್ಲದೆ ತೀರಾ ತಣ್ಣಗೂ ಅಲ್ಲದೆ ಇದೆಯೇ ಎಂದು ಮೊಣಕೈ ಅದ್ದಿ ನೋಡಿ, ಮಂಡಿ ಲಟ್ಟೆನ್ನಿಸಿಕೊಂಡು ಅವನ ಕಾಲಬಳಿ ಕೂತೆ. ಬೆರಳ ಸಂದಿಯಲ್ಲಿ ಕೂಡ ಒಂದು ಚೂರು ಕೊಳೆ ಇರಲಿಲ್ಲ. ನಿಧಾನವಾಗಿ ಎರಡು ಸಲ ತೊಳೆದೆ.